ರಿಪೋರ್ಟ್ ನಾರ್ಮಲ್: ಅದು ಅಂದಿನ ಲೆಕ್ಕ ಮಾತ್ರ

ತಪಾಸಣೆ ಮುಗಿಸಿ ಆಸ್ಪತ್ರೆಯಿಂದ ಹೊರಬರುವವರ ಕಿವಿಗೆ "ರಿಪೋರ್ಟ್ ನಾರ್ಮಲ್" ಎಂಬ ಎರಡು ಶಬ್ದಗಳಿಗಿಂತ ಇಂಪಾದ ಮಾತು ಬೇರೊಂದಿಲ್ಲ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆ ಅಂದು ನಿಜವಾಗುತ್ತದೆ. ಮನೆಗೆ ಫೋನು ಹೋಗುತ್ತದೆ, ಊರಿಗೆ ಫೋನು ಹೋಗುತ್ತದೆ, ಹರಕೆಯ ಕಾಣಿಕೆಯನ್ನು ತೆಗೆದಿಡಲಾಗುತ್ತದೆ. ಫಿಲ್ಮು, ಕಾಗದಗಳೆಲ್ಲ ಕಪಾಟು ಸೇರುತ್ತವೆ. ಆದರೆ ವರ್ಷವೋ ಎರಡು ವರ್ಷವೋ ಕಳೆದ ಮೇಲೆ ಅದೇ ವ್ಯಕ್ತಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಎಂದು ಗೊತ್ತಾದರೆ? ಆಗ ಆ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: "ಅಂದು ಎಲ್ಲ ಸರಿ ಇದೆ ಎಂದಿದ್ದರಲ್ಲ?"

ಈ ಪ್ರಶ್ನೆ ನ್ಯಾಯವಾದುದು. ಅದನ್ನು ವೈದ್ಯಲೋಕವೂ ತಳ್ಳಿಹಾಕಿಲ್ಲ. ಸ್ಕ್ಯಾನಿನಲ್ಲಿ ಏನೂ ಇಲ್ಲವೆಂದ ಬಳಿಕ ಪತ್ತೆಯಾಗುವ ಕರುಳಿನ ಕ್ಯಾನ್ಸರಿಗೆ "ಪೋಸ್ಟ್ ಇಮೇಜಿಂಗ್ ಕೊಲೊರೆಕ್ಟಲ್ ಕ್ಯಾನ್ಸರ್" ಎಂದೂ, ಕೊಲೊನೋಸ್ಕೋಪಿಯ ಬಳಿಕ ಪತ್ತೆಯಾಗುವುದಕ್ಕೆ "ಪೋಸ್ಟ್ ಕೊಲೊನೋಸ್ಕೋಪಿ ಕೊಲೊರೆಕ್ಟಲ್ ಕ್ಯಾನ್ಸರ್" ಎಂದೂ ಪ್ರತ್ಯೇಕ ಹೆಸರುಗಳೇ ಇವೆ. ಇವನ್ನು ಎಣಿಸುವ ಕ್ರಮದ ಬಗ್ಗೆ ವಿಶ್ವ ಎಂಡೋಸ್ಕೋಪಿ ಸಂಘಟನೆಯ ತಜ್ಞರು 2018ರಲ್ಲಿ ಒಮ್ಮತದ ಸೂತ್ರವೊಂದನ್ನು ಪ್ರಕಟಿಸಿದರು. ತಪ್ಪಿಗೆ ಹೆಸರಿಟ್ಟು, ಲೆಕ್ಕವಿಟ್ಟು, ಎಲ್ಲರ ಮುಂದಿಡುವುದು ದೊಡ್ಡ ಮಾತೇ. ಆ ಲೆಕ್ಕ ಏನು ಹೇಳುತ್ತದೆ ಎಂಬುದು ಹೊರನಾಡ ಕನ್ನಡಿಗರಿಗೂ ತಿಳಿದಿರಬೇಕಾದ ಸಂಗತಿ.

ಮೊದಲು ಪರೀಕ್ಷೆಗಳ ಪರಿಚಯ. ದೊಡ್ಡ ಕರುಳನ್ನು ನೋಡಲು ದಶಕಗಳ ಕಾಲ ಬಳಕೆಯಲ್ಲಿದ್ದುದು ಬೇರಿಯಂ ಎನಿಮಾ. ಗುದದ್ವಾರದ ಮೂಲಕ ಬಿಳಿಯ ದ್ರವವನ್ನೂ ಗಾಳಿಯನ್ನೂ ಹಾಯಿಸಿ ಎಕ್ಸ್‌ರೇ ತೆಗೆಯುವ ವಿಧಾನ ಅದು. ಎರಡನೆಯದು ಕೊಲೊನೋಸ್ಕೋಪಿ. ತುದಿಯಲ್ಲಿ ಕ್ಯಾಮೆರಾ ಇರುವ ಬಳುಕುವ ಕೊಳವೆಯನ್ನು ಕರುಳಿನ ಕೊನೆಯವರೆಗೆ ಸಾಗಿಸಿ ಒಳಗೋಡೆಯನ್ನು ನೇರವಾಗಿ ನೋಡುವುದು, ಬೇಕಾದಲ್ಲಿ ಚೂರು ತೆಗೆಯುವುದು, ಸಣ್ಣ ಗಂಟುಗಳಿದ್ದರೆ ಅಲ್ಲೇ ಕತ್ತರಿಸುವುದು ಇದರಿಂದ ಸಾಧ್ಯ. ಮೂರನೆಯದು ಸಿ.ಟಿ. ಕೊಲೊನೋಗ್ರಫಿ. ಕರುಳನ್ನು ಖಾಲಿ ಮಾಡಿಸಿ, ಗಾಳಿ ತುಂಬಿಸಿ, ಸಿ.ಟಿ. ಸ್ಕ್ಯಾನ್ ತೆಗೆದು, ಕಂಪ್ಯೂಟರಿನಲ್ಲಿ ಕರುಳಿನ ಒಳಭಾಗದ ಚಿತ್ರವನ್ನು ಕಟ್ಟುವ ಈ ವಿಧಾನವನ್ನು ಅಮೆರಿಕದ ಡೇವಿಡ್ ವೈನಿಂಗ್ 1994ರಲ್ಲಿ ಮೊದಲಿಗೆ ತೋರಿಸಿದರು. ಅಧ್ಯಕ್ಷರಾಗಿದ್ದ ಬರಾಕ್ ಒಬಾಮಾ 2010ರ ಫೆಬ್ರವರಿಯ ಆರೋಗ್ಯ ತಪಾಸಣೆಯಲ್ಲಿ ಮಾಡಿಸಿಕೊಂಡದ್ದೂ ಇದೇ ಪರೀಕ್ಷೆ.

ಇವುಗಳಲ್ಲಿ ಯಾವುದು ಎಷ್ಟು ನಂಬಲರ್ಹ? ಇದಕ್ಕೆ ಅಂಕಿ ಸಮೇತ ಉತ್ತರ ಸಿಕ್ಕಿದ್ದು ಬ್ರಿಟನ್ನಿನಲ್ಲಿ. ಅಲ್ಲಿನ 21 ಆಸ್ಪತ್ರೆಗಳಲ್ಲಿ ನಡೆದ ಸಿಗ್ಗರ್ ಎಂಬ ದೊಡ್ಡ ಅಧ್ಯಯನದ ಫಲಿತಾಂಶ 2013ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕರುಳಿನ ತೊಂದರೆಯಿಂದ ಬಂದ ರೋಗಿಗಳಲ್ಲಿ ಬೇರಿಯಂ ಎನಿಮಾ 85 ಕ್ಯಾನ್ಸರುಗಳ ಪೈಕಿ 12ನ್ನು ಕಾಣಲಿಲ್ಲ, ಅಂದರೆ ಏಳರಲ್ಲಿ ಒಂದು. ಸಿ.ಟಿ. ಕೊಲೊನೋಗ್ರಫಿ 45ರ ಪೈಕಿ 3ನ್ನು ಕಾಣಲಿಲ್ಲ, ಅಂದರೆ ಹದಿನೈದರಲ್ಲಿ ಒಂದು. ಹೊಸ ಪರೀಕ್ಷೆ ಹಳೆಯದಕ್ಕಿಂತ ಎಷ್ಟೋ ಮೇಲು, ಸಂಶಯವಿಲ್ಲ. ಆದರೆ ಆ ಮೂವರ ಕೈಯಲ್ಲಿದ್ದ ರಿಪೋರ್ಟಿನಲ್ಲೂ ಕ್ಯಾನ್ಸರಿನ ಸುಳಿವಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ.

2018ರಲ್ಲಿ ಲ್ಯಾನ್ಸೆಟ್ ಸಮೂಹದ ಇನ್ನೊಂದು ಪತ್ರಿಕೆಯಲ್ಲಿ 12 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಬಂತು. ಸಿ.ಟಿ. ಕೊಲೊನೋಗ್ರಫಿ ಮಾಡಿಸಿಕೊಂಡ ಸುಮಾರು 20 ಸಾವಿರ ಜನರ ಲೆಕ್ಕ ಅದು. ಪತ್ತೆಯಾದ ಪ್ರತಿ 100 ಕ್ಯಾನ್ಸರುಗಳಿಗೆ ಹೆಚ್ಚುಕಡಿಮೆ 4, ಪರೀಕ್ಷೆಯ ದಿನ ಕಾಣದೆ ಆಮೇಲೆ ಹೊರಬಿದ್ದವು. ಅವುಗಳಲ್ಲಿ ಹೆಚ್ಚಿನವು ಕರುಳಿನ ಬಲಭಾಗದವು. ಎಲ್ಲಕ್ಕಿಂತ ಯೋಚನೆಗೆ ಹಚ್ಚುವ ಸಂಗತಿ ಎಂದರೆ, ಹಳೆಯ ಚಿತ್ರಗಳನ್ನು ಹೊರತೆಗೆದು ಮತ್ತೊಮ್ಮೆ ನೋಡಿದಾಗ ಅರ್ಧಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಗಂಟು ಅಲ್ಲೇ ಇತ್ತು. ಯಂತ್ರ ಹಿಡಿದಿತ್ತು, ಕಣ್ಣು ಹಿಡಿದಿರಲಿಲ್ಲ.

ಹಾಗಾದರೆ ಕೊಲೊನೋಸ್ಕೋಪಿಯಾದರೂ ಕಣ್ಣಾರೆ ನೋಡುವ ಪರೀಕ್ಷೆಯಲ್ಲವೇ ಎಂದು ಕೇಳಬಹುದು. ಇಂಗ್ಲೆಂಡಿನಲ್ಲಿ ಆಸ್ಪತ್ರೆಗಳ ದಾಖಲೆಗೂ ಕ್ಯಾನ್ಸರ್ ನೋಂದಣಿಗೂ ಕೊಂಡಿ ಹಾಕಿ ನೋಡಿದ ಅಧ್ಯಯನವೊಂದು 2019ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಕೊಲೊನೋಸ್ಕೋಪಿಯಲ್ಲಿ ಕಾಣದೆ, ಮೂರು ವರ್ಷಗಳೊಳಗೆ ಹೊರಬಿದ್ದ ಕ್ಯಾನ್ಸರುಗಳ ಪ್ರಮಾಣ 2005ರಲ್ಲಿ ಶೇ. 9 ಇತ್ತು. 2013ರ ಹೊತ್ತಿಗೆ ಅದು ಶೇ. 6.5ಕ್ಕೆ ಇಳಿಯಿತು. ಆಸ್ಪತ್ರೆಯಿಂದ ಆಸ್ಪತ್ರೆಗೆ ಈ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸವೂ ಇತ್ತು. ಇದರಿಂದ ಎರಡು ಮಾತು ಸ್ಪಷ್ಟ. ಒಂದು, ಯಾವ ಪರೀಕ್ಷೆಯೂ ನೂರಕ್ಕೆ ನೂರಲ್ಲ. ಎರಡು, ಲೆಕ್ಕವಿಟ್ಟರೆ ತಪ್ಪನ್ನು ಕಡಿಮೆ ಮಾಡಬಹುದು.

ತಪ್ಪುವುದೇಕೆ? ಕಾರಣಗಳು ಹಲವು. ಕರುಳು ಸರಿಯಾಗಿ ಖಾಲಿಯಾಗಿರದಿದ್ದರೆ ಉಳಿದ ಮಲದ ಅಡಿಯಲ್ಲಿ ಗಂಟು ಅಡಗುತ್ತದೆ. ಹಿಂದಿನ ದಿನ ಕುಡಿಯಲು ಕೊಡುವ ಔಷಧದ ರುಚಿಗೆ ಮುಖ ಸಿಂಡರಿಸಿ ಅರ್ಧ ಕುಡಿದು ಉಳಿದರ್ಧವನ್ನು ಮೋರಿಗೆ ಚೆಲ್ಲಿದವರು ತಮ್ಮ ಪರೀಕ್ಷೆಯ ಅರ್ಧವನ್ನೂ ಚೆಲ್ಲಿದಂತೆಯೇ. ಕರುಳಿನ ಗೋಡೆ ನೀರಿನ ಕೊಳವೆಯಂತೆ ನುಣುಪಾಗಿಲ್ಲ, ಅದರಲ್ಲಿ ಮಡಿಕೆಗಳಿವೆ. ಮಡಿಕೆಯ ಹಿಂಬದಿ ಕ್ಯಾಮೆರಾಕ್ಕೆ ಸುಲಭವಾಗಿ ಸಿಗುವುದಿಲ್ಲ. ಕೆಲವು ಗಂಟುಗಳು ಅಣಬೆಯಂತೆ ಎದ್ದು ನಿಲ್ಲದೆ ಚಪ್ಪಟೆಯಾಗಿ ಗೋಡೆಗೇ ಅಂಟಿಕೊಂಡಿರುತ್ತವೆ. ಬಲಭಾಗದಲ್ಲಿ ಇಂಥವು ಹೆಚ್ಚು. ಕೆಲವೊಮ್ಮೆ ಕೊಳವೆ ಕರುಳಿನ ಕೊನೆಯನ್ನು ಮುಟ್ಟುವುದೇ ಇಲ್ಲ. ಸ್ಕ್ಯಾನಿನಲ್ಲಾದರೆ ಗಾಳಿ ಸರಿಯಾಗಿ ತುಂಬದೆ ಕರುಳು ಮುದುಡಿದ್ದ ಜಾಗ ಓದಲು ಸಿಗುವುದಿಲ್ಲ.

ಇನ್ನು ವೇಳೆಯ ಪ್ರಶ್ನೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 12 ಮಂದಿ ತಜ್ಞರ ಕೆಲಸವನ್ನು ಅಳೆದು 2006ರಲ್ಲಿ ಪ್ರಕಟಿಸಿದ ವರದಿಯೊಂದಿದೆ. ಕೊಳವೆಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತ ಕರುಳನ್ನು ನೋಡಲು ಸರಾಸರಿ 6 ನಿಮಿಷ ಅಥವಾ ಹೆಚ್ಚು ತೆಗೆದುಕೊಂಡ ತಜ್ಞರು ಶೇ. 28.3 ಜನರಲ್ಲಿ ಗಂಟುಗಳನ್ನು ಕಂಡರು. ಅದಕ್ಕಿಂತ ಬೇಗ ಮುಗಿಸಿದವರಿಗೆ ಕಂಡದ್ದು ಶೇ. 11.8 ಜನರಲ್ಲಿ ಮಾತ್ರ. ವಿದ್ಯೆ ಒಂದೇ, ಯಂತ್ರ ಒಂದೇ. ವ್ಯತ್ಯಾಸ ಕೆಲವು ನಿಮಿಷಗಳ ತಾಳ್ಮೆಯದು.

ಕಂಡೂ ತಪ್ಪಿಹೋಗುವ ದಾರಿಗಳೂ ಇವೆ. ಗಂಟನ್ನು ಕತ್ತರಿಸಿದಾಗ ಚೂರು ಉಳಿದು ಮತ್ತೆ ಬೆಳೆಯಬಹುದು. ರಿಪೋರ್ಟಿನ ಕೊನೆಯ ಸಾಲಿನಲ್ಲಿ "ಮತ್ತೊಮ್ಮೆ ಪರೀಕ್ಷಿಸುವುದು ಒಳ್ಳೆಯದು" ಎಂದು ಬರೆದಿದ್ದರೂ ಅದನ್ನು ಯಾರೂ ಓದದೆ ಹೋಗಬಹುದು. ಹಾಗೆಯೇ ನಿಜಕ್ಕೂ ಅಂದು ಇರದೆ ಆಮೇಲೆ ಹುಟ್ಟಿದ ಕ್ಯಾನ್ಸರೂ ಇರಬಹುದು. ಸಾಮಾನ್ಯವಾಗಿ ಸಣ್ಣ ಗಂಟು ಕ್ಯಾನ್ಸರಾಗಲು ಹತ್ತು ವರ್ಷಗಳಷ್ಟು ಕಾಲ ಬೇಕು. ಆದರೆ ಕೆಲವು ಅವಸರದಿಂದ ಬೆಳೆಯುತ್ತವೆ, ವಂಶದಲ್ಲಿ ಈ ರೋಗವಿರುವ ಕೆಲವು ಕುಟುಂಬಗಳಲ್ಲಂತೂ ವಿಶೇಷವಾಗಿ. ಆದುದರಿಂದ ಪ್ರತಿಯೊಂದು ಪ್ರಕರಣದಲ್ಲೂ ವೈದ್ಯರ ಕೊರಳಪಟ್ಟಿ ಹಿಡಿಯುವುದು ಸರಿಯಲ್ಲ. ಬ್ಯಾಂಕಿನ ಬ್ಯಾಲೆನ್ಸ್ ಶೀಟು ಒಂದು ನಿರ್ದಿಷ್ಟ ತಾರೀಖಿನ ಲೆಕ್ಕವೇ ಹೊರತು ಮುಂದಿನ ವರ್ಷದ ಜಾಮೀನಲ್ಲ. ವೈದ್ಯಕೀಯ ರಿಪೋರ್ಟೂ ಹಾಗೆಯೇ. ಅಂದು, ಆ ಪರೀಕ್ಷೆಯಲ್ಲಿ, ಆ ಕಣ್ಣಿಗೆ ಕಂಡದ್ದಿಷ್ಟು ಎಂದಷ್ಟೇ ಅದರ ಅರ್ಥ.

ಹೀಗೆಂದು ಪರೀಕ್ಷೆಯೇ ಬೇಡ ಎಂಬ ತೀರ್ಮಾನಕ್ಕೆ ಬಂದರೆ ಅದಕ್ಕಿಂತ ದೊಡ್ಡ ಪ್ರಮಾದವಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾದೀತು. ಕೊಲೊನೋಸ್ಕೋಪಿಯಲ್ಲಿ ಗಂಟುಗಳನ್ನು ತೆಗೆಸಿಕೊಂಡವರಲ್ಲಿ ಈ ಕ್ಯಾನ್ಸರಿನ ಸಾವು ನಿರೀಕ್ಷೆಗಿಂತ ಅರ್ಧದಷ್ಟು ಕಡಿಮೆಯಾದುದನ್ನು ಅಮೆರಿಕದ ಅಧ್ಯಯನವೊಂದು 2012ರಲ್ಲಿ ತೋರಿಸಿದೆ. ನೂರರಲ್ಲಿ ನಾಲ್ಕೋ ಆರೋ ತಪ್ಪಿದರೂ ಉಳಿದವು ಸಿಗುತ್ತವೆ. ಪರೀಕ್ಷೆ ಮಾಡಿಸದಿದ್ದರೆ ನೂರೂ ತಪ್ಪುತ್ತವೆ.

ಈಗ ಇಲ್ಲಿನ ಮಾತು. ದೊಡ್ಡ ಕರುಳಿನ ಕ್ಯಾನ್ಸರ್ ಪಶ್ಚಿಮ ದೇಶಗಳಷ್ಟು ಭಾರತದಲ್ಲಿಲ್ಲ ಎಂಬುದು ನಿಜ. ಆದರೂ 2022ರ ಅಂದಾಜಿನಂತೆ ದೇಶದಲ್ಲಿ ಆ ಒಂದು ವರ್ಷ ಸುಮಾರು 70 ಸಾವಿರ ಮಂದಿಗೆ ಈ ರೋಗ ಹೊಸದಾಗಿ ಬಂದಿದೆ. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ತಮ್ಮಲ್ಲಿಗೆ ಬಂದ 800 ರೋಗಿಗಳ ವಿವರವನ್ನು 2017ರಲ್ಲಿ ಪ್ರಕಟಿಸಿದ್ದರು. ಅವರ ಸರಾಸರಿ ವಯಸ್ಸು 47. ಅಂದರೆ ಮಗಳ ಮದುವೆ, ಮಗನ ಕಾಲೇಜು, ಮನೆಯ ಸಾಲದ ಕಂತು ಎಂದು ಓಡಾಡುವ ವಯಸ್ಸು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮಲದಲ್ಲಿ ರಕ್ತ ಕಾಣಿಸಿಕೊಂಡಿತ್ತು. ಸರ್ಕಾರದ ತಪಾಸಣಾ ಕಾರ್ಯಕ್ರಮದಲ್ಲಿ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರುಗಳಿವೆ, ಕರುಳಿನದ್ದಿಲ್ಲ. ಹೀಗಾಗಿ ಇಲ್ಲಿ ಸಾಮಾನ್ಯವಾಗಿ ಲಕ್ಷಣ ಕಂಡ ಮೇಲೆಯೇ ಪರೀಕ್ಷೆ. ಅಂಥಲ್ಲಿ ಒಂದು ತಪ್ಪು ಭರವಸೆಯ ಬೆಲೆ ಇನ್ನೂ ಹೆಚ್ಚು.

ಅದಕ್ಕೂ ಮಿಗಿಲಾಗಿ ಇಲ್ಲಿ ಆಗುವ ಎಡವಟ್ಟು ಬೇರೆಯೇ. ಒಬ್ಬ ಹೋಟೆಲು ಕಾರ್ಮಿಕನನ್ನು ಊಹಿಸಿಕೊಳ್ಳಬಹುದು. ಬೆಳಿಗ್ಗೆ ಐದಕ್ಕೆದ್ದು ರಾತ್ರಿ ಹನ್ನೊಂದರವರೆಗೆ ನಿಂತು ದುಡಿಯುವವನು. ಮಲದಲ್ಲಿ ರಕ್ತ ಕಂಡರೆ ಮೊದಲು ಹೊಳೆಯುವುದು ಮೂಲವ್ಯಾಧಿ. ಲೋಕಲ್ ರೈಲಿನ ಡಬ್ಬಿಯಲ್ಲಿ ಅಂಟಿಸಿದ ಚೀಟಿಗಳಲ್ಲಿ ಆ ರೋಗಕ್ಕೆ ಗ್ಯಾರಂಟಿ ಚಿಕಿತ್ಸೆಯ ಆಶ್ವಾಸನೆ ಇದ್ದೇ ಇರುತ್ತದೆ. ಅಲ್ಲಿ ಒಂದಷ್ಟು ಹಣ, ಒಂದಷ್ಟು ತಿಂಗಳು ಹೋಗುತ್ತದೆ. ಹೊಟ್ಟೆನೋವು ಜಾಸ್ತಿಯಾದಾಗ ಯಾರೋ ಸೋನೋಗ್ರಫಿ ಮಾಡಿಸು ಎನ್ನುತ್ತಾರೆ. ರಿಪೋರ್ಟ್ ನಾರ್ಮಲ್. ಸಮಾಧಾನ. ಮತ್ತೆ ಆರು ತಿಂಗಳು ದುಡಿತ.

ಆದರೆ ಹೊಟ್ಟೆಯ ಮಾಮೂಲು ಸೋನೋಗ್ರಫಿ ದೊಡ್ಡ ಕರುಳಿನ ಒಳಗೋಡೆಯನ್ನು ನೋಡುವ ಪರೀಕ್ಷೆಯೇ ಅಲ್ಲ. ಪಿತ್ತಕೋಶದ ಕಲ್ಲು, ಮೂತ್ರಪಿಂಡದ ಕಲ್ಲು, ಯಕೃತ್ತಿನ ಸ್ಥಿತಿಯನ್ನು ಅದು ಚೆನ್ನಾಗಿ ತೋರಿಸಬಹುದು. ಕರುಳಿನಲ್ಲಿರುವ ಗಾಳಿ ಅದರ ಅಲೆಗಳಿಗೆ ಅಡ್ಡಿ. ಕರುಳನ್ನು ಖಾಲಿ ಮಾಡಿಸದೆ ತೆಗೆದ ಸಾಧಾರಣ ಸಿ.ಟಿ. ಸ್ಕ್ಯಾನಿನಲ್ಲೂ ಗಂಟು ಮಲದೊಡನೆ ಬೆರೆತು ಕಾಣದಿರಬಹುದು. ಅಲ್ಲಿ ಪರೀಕ್ಷೆ ಸುಳ್ಳು ಹೇಳಿದ್ದಲ್ಲ. ಕೇಳಬೇಕಾದ ಪ್ರಶ್ನೆಯನ್ನೇ ಕೇಳಿರಲಿಲ್ಲ. ಗುದನಾಳದ ಕೆಳಭಾಗದ ಗಂಟನ್ನು ವೈದ್ಯರು ಕೈಗವಸು ಹಾಕಿದ ಒಂದು ಬೆರಳಿನಿಂದ ಎರಡು ನಿಮಿಷದಲ್ಲಿ ಗುರುತಿಸಬಹುದಾದ ಸಂದರ್ಭಗಳಿವೆ. ಅದಕ್ಕೆ ಯಂತ್ರವೂ ಬೇಡ, ಸಾವಿರಾರು ರೂಪಾಯಿಯೂ ಬೇಡ. ಬೇಕಾಗಿರುವುದು ನಾಚಿಕೆಯನ್ನು ಬದಿಗಿಡುವ ಮನಸ್ಸು ಮಾತ್ರ.

ರಕ್ತಹೀನತೆಯ ಮಾತೂ ಇಷ್ಟೇ ಮುಖ್ಯ. ಬಲಭಾಗದ ಕರುಳಿನಲ್ಲಿ ಗಂಟಿದ್ದರೆ ರಕ್ತ ಕಣ್ಣಿಗೆ ಕಾಣದಷ್ಟು ಸ್ವಲ್ಪಸ್ವಲ್ಪವೇ ಸೋರುತ್ತದೆ. ಶಿಬಿರದಲ್ಲಿ ಹಿಮೋಗ್ಲೋಬಿನ್ ಕಡಿಮೆ ಬಂದ ಗಂಡಸಿಗೆ, ಮುಟ್ಟು ನಿಂತ ಹೆಂಗಸಿಗೆ ಕಬ್ಬಿಣದ ಮಾತ್ರೆ ಬರೆದುಕೊಟ್ಟು ಕಳಿಸಿದರೆ ಸಾಲದು. ಖಾತೆಯಿಂದ ಪ್ರತಿ ತಿಂಗಳೂ ಹಣ ಕರಗುತ್ತಿದ್ದರೆ ಮತ್ತೆ ಮತ್ತೆ ಹಣ ತುಂಬುವುದಲ್ಲ, ಸೋರುವುದೆಲ್ಲಿ ಎಂದು ಹುಡುಕಬೇಕು.

ಹಾಗಿದ್ದರೆ ಸಾಮಾನ್ಯ ಮನುಷ್ಯ ಮಾಡಬೇಕಾದ್ದೇನು? ಮೊದಲನೆಯದಾಗಿ, ಮಲದಲ್ಲಿ ರಕ್ತ, ವಾರಗಟ್ಟಲೆ ಬದಲಾದ ಮಲವಿಸರ್ಜನೆಯ ಅಭ್ಯಾಸ, ಕಾರಣವಿಲ್ಲದೆ ಇಳಿಯುವ ತೂಕ, ಕಾರಣ ತಿಳಿಯದ ರಕ್ತಹೀನತೆ ಇವುಗಳಲ್ಲಿ ಯಾವುದೇ ಮುಂದುವರಿದರೆ, ಕೈಯಲ್ಲಿ ನಾರ್ಮಲ್ ರಿಪೋರ್ಟ್ ಇದ್ದರೂ ಮತ್ತೆ ವೈದ್ಯರ ಬಳಿ ಹೋಗಬೇಕು. "ಹಿಂದೆ ತೋರಿಸಿದ್ದೆ, ಏನೂ ಇಲ್ಲ ಅಂದಿದ್ದರು" ಎಂಬ ಮಾತೇ ಹಲವರ ಜೀವ ತೆಗೆದದ್ದು. ಎರಡನೆಯದಾಗಿ, ಪರೀಕ್ಷೆ ಮುಗಿದ ಮೇಲೆ ಮೂರು ಪ್ರಶ್ನೆ ಕೇಳಬೇಕು: ಕರುಳು ಸರಿಯಾಗಿ ಶುಚಿಯಾಗಿತ್ತೇ? ಕೊನೆಯವರೆಗೆ ನೋಡಲಾಯಿತೇ? ಮುಂದಿನ ಪರೀಕ್ಷೆ ಯಾವಾಗ? ಕೇಳಿದರೆ ವೈದ್ಯರಿಗೆ ಅವಮಾನವಾಗುತ್ತದೆ ಎಂಬ ಅಂಜಿಕೆ ಬೇಡ. ಒಳ್ಳೆಯ ವೈದ್ಯರು ಇದನ್ನು ರಿಪೋರ್ಟಿನಲ್ಲಿ ತಾವೇ ಬರೆದಿರುತ್ತಾರೆ. ಮೂರನೆಯದಾಗಿ, ಹಳೆಯ ಫಿಲ್ಮು, ಸಿ.ಡಿ., ಕಾಗದಗಳನ್ನು ಜೋಪಾನವಾಗಿಡಬೇಕು. ಮುಂಬಯಿಯಲ್ಲಿ ತೆಗೆದ ಸ್ಕ್ಯಾನು ಖೋಲಿಯ ಅಟ್ಟದಲ್ಲಿ, ರೋಗಿ ಚಿಕಿತ್ಸೆಗೆಂದು ಮಂಗಳೂರಿನಲ್ಲಿ, ಹೊಸ ವೈದ್ಯರ ಮುಂದೆ ಬರಿಗೈ. ಎರಡೂರಿನ ನಡುವೆ ಬದುಕುವ ಹೊರನಾಡ ಕನ್ನಡಿಗರಲ್ಲಿ ಇದು ಅಪರೂಪವಲ್ಲ. ಹಳೆಯ ಚಿತ್ರವನ್ನು ಎರಡನೇ ಕಣ್ಣು ನೋಡಿದರೆ ಸಿಗುವ ಲಾಭವೇನೆಂದು 2018ರ ಲೆಕ್ಕವೇ ಹೇಳಿದೆ.

ನಾಲ್ಕನೆಯದಾಗಿ, ತಂದೆ, ತಾಯಿ, ಒಡಹುಟ್ಟಿದವರು ಅಥವಾ ಮಕ್ಕಳಲ್ಲಿ ಯಾರಿಗಾದರೂ ಈ ರೋಗ ಬಂದಿದ್ದರೆ ವೈದ್ಯರಿಗೆ ಹೇಳಲೇಬೇಕು. ಅಂಥವರು 40ನೇ ವಯಸ್ಸಿಗೆ, ಅಥವಾ ಆ ಸಂಬಂಧಿಗೆ ರೋಗ ಬಂದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮುಂಚಿತವೋ ಆಗ ಪರೀಕ್ಷೆ ಆರಂಭಿಸಬೇಕೆಂಬುದು ಅಮೆರಿಕದ ತಜ್ಞರ ಸಲಹೆ. ಊರಿನಲ್ಲಿ ದೊಡ್ಡಪ್ಪನೋ ಅಜ್ಜಿಯೋ "ಹೊಟ್ಟೆ ಗಡ್ಡೆ"ಯಿಂದ ತೀರಿಕೊಂಡರು ಎಂದಷ್ಟೇ ತಿಳಿದಿರುವ ಮನೆಗಳು ಎಷ್ಟೋ ಇವೆ. ಮುಂದಿನ ಬಾರಿ ಊರಿಗೆ ಹೋದಾಗ ಆ ಗಡ್ಡೆ ಎಲ್ಲಿಯದು, ಯಾವ ವಯಸ್ಸಿನಲ್ಲಿ ಎಂದು ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳುವುದು ಮೊಮ್ಮಕ್ಕಳಿಗೆ ಮಾಡುವ ಉಪಕಾರ.

ಸಂಘ-ಸಂಸ್ಥೆಗಳ ಹೊಣೆಯೂ ಇಲ್ಲಿದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳ ಕನ್ನಡ ಸಂಘಗಳು ನಡೆಸುವ ಉಚಿತ ಆರೋಗ್ಯ ಶಿಬಿರಗಳು ಶ್ಲಾಘನೀಯ. ರಕ್ತದೊತ್ತಡ, ಸಕ್ಕರೆ, ಇಸಿಜಿ, ಕಣ್ಣಿನ ಪರೀಕ್ಷೆ ಮಾಡಿಸಿ, ಉಪ್ಪಿಟ್ಟು ಚಹಾ ಕೊಟ್ಟು ಕಳಿಸಿದ ಮೇಲೆ "ಎಲ್ಲ ಚೆಕಪ್ ಆಯಿತು" ಎಂಬ ಭಾವನೆ ಸದಸ್ಯರಲ್ಲಿ ಉಳಿಯುತ್ತದೆ. ಶಿಬಿರದಲ್ಲಿ ಏನನ್ನು ನೋಡಲಾಗಿದೆ ಎಂಬುದರ ಜೊತೆಗೆ ಏನನ್ನು ನೋಡಿಲ್ಲ ಎಂಬುದನ್ನೂ ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟರೆ ಖರ್ಚೇನೂ ಹೆಚ್ಚಾಗದು. ಶಿಬಿರದ ಮೂಲೆಯಲ್ಲಿ ಪರದೆ ಕಟ್ಟಿದ ಒಂದು ಜಾಗ, ಅಲ್ಲಿ ಕನ್ನಡವೋ ತುಳುವೋ ಬಲ್ಲ ಒಬ್ಬ ವೈದ್ಯರು ಇದ್ದರೆ ಮಲ, ಮೂಲವ್ಯಾಧಿಯ ಮಾತನ್ನು ಬಾಯಿಬಿಟ್ಟು ಹೇಳುವವರು ಬಂದೇ ಬರುತ್ತಾರೆ. ಮನೆಯ ಮಾತಿನಲ್ಲಿ ಹೇಳಲಾಗದ ನೋವನ್ನು ಹರಕುಮುರುಕು ಹಿಂದಿ-ಮರಾಠಿಯಲ್ಲಿ ಹೇಳುವುದು ಸುಲಭವಲ್ಲ. ಸಂಘದ ಮಹಿಳಾ ವಿಭಾಗ ಈ ಕೆಲಸಕ್ಕೆ ಕೈಹಾಕಿದರೆ ಇನ್ನೂ ಒಳ್ಳೆಯದು. ಸಂಕೋಚದ ಹೊರೆ ಹೆಚ್ಚು ಹೊತ್ತಿರುವವರು ಹೆಂಗಸರೇ.

ಆಸ್ಪತ್ರೆಗಳಿಗೂ ಒಂದು ಮಾತು. ದೇಶದ ಮೊದಲ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿ ಆರಂಭವಾದದ್ದು ಇದೇ ಮುಂಬಯಿಯಲ್ಲಿ, 1963ರಲ್ಲಿ, ಭಾರತೀಯ ಕ್ಯಾನ್ಸರ್ ಸೊಸೈಟಿಯಿಂದ. ಯಾರಿಗೆ ರೋಗ ಬಂತೆಂದು ಎಣಿಸುವ ಅಭ್ಯಾಸ ಈ ನಗರಕ್ಕೆ ಹೊಸತಲ್ಲ. ರೋಗ ಬಂದವರಲ್ಲಿ ಎಷ್ಟು ಮಂದಿ ಮೊದಲೇ ಪರೀಕ್ಷೆ ಮಾಡಿಸಿ ನಾರ್ಮಲ್ ಎನಿಸಿಕೊಂಡಿದ್ದರು ಎಂಬ ಎಣಿಕೆಯೂ ನಡೆಯಬೇಕಾಗಿದೆ. ಒಬ್ಬರು ಬರೆದ ವೋಚರನ್ನು ಇನ್ನೊಬ್ಬರು ನೋಡಿ ಸಹಿ ಹಾಕುವುದು ಬರೆದವರ ಮೇಲಿನ ಅಪನಂಬಿಕೆಯಿಂದಲ್ಲ, ಕಣ್ಣು ತಪ್ಪುವುದು ಮನುಷ್ಯ ಸಹಜ ಎಂಬ ತಿಳಿವಳಿಕೆಯಿಂದ. ನೂರು ರೂಪಾಯಿಯ ಲೆಕ್ಕಕ್ಕೆ ಇರುವ ಈ ಎಚ್ಚರ ಒಂದು ಜೀವದ ಲೆಕ್ಕಕ್ಕೂ ಸಿಗಬೇಡವೇ? ಇಂಗ್ಲೆಂಡಿನಲ್ಲಿ ಎಂಟು ವರ್ಷಗಳಲ್ಲಿ ಶೇ. 9 ಇದ್ದದ್ದು 6.5ಕ್ಕೆ ಇಳಿಯಿತು. ಅಲ್ಲಿ ಸಾಧ್ಯವಾದದ್ದು ಇಲ್ಲಿಯೂ ಸಾಧ್ಯ.

ವೈದ್ಯರ ಮೇಲೆ ವಿಶ್ವಾಸವಿರಲಿ, ಪರೀಕ್ಷೆಯ ಮೇಲೂ ಇರಲಿ. ಜೊತೆಗೆ ತನ್ನ ದೇಹ ಹೇಳುವ ಮಾತಿನ ಮೇಲೂ ಒಂದಿಷ್ಟು ವಿಶ್ವಾಸವಿರಲಿ. ಕಾಗದ ಏನೂ ಇಲ್ಲ ಎನ್ನುತ್ತಿದ್ದು ದೇಹ ಇದೆ ಎನ್ನುತ್ತಿದ್ದರೆ, ದೇಹದ ಮಾತನ್ನು ಇನ್ನೊಮ್ಮೆ ಕೇಳಿಸಿಕೊಳ್ಳುವ ವೈದ್ಯರ ಬಳಿ ಹೋಗುವುದೇ ಜಾಣತನ. ಕಪಾಟಿನಲ್ಲಿ ಮಲಗಿರುವ ನಾರ್ಮಲ್ ರಿಪೋರ್ಟನ್ನು ಈ ಭಾನುವಾರ ಹೊರತೆಗೆದು, ಅದರ ಮೇಲಿನ ತಾರೀಖನ್ನೊಮ್ಮೆ ಎಲ್ಲರೂ ನೋಡುವಂತಾಗಲಿ.